ಘಾಟಿಯಲ್ಲಿ ಆಟೊಮ್ಯಾಟಿಕ್ ಗೇರ್ ಕೈಕೊಟ್ಟರೆ: ಮೊದಲ ಅರ್ಧ ಗಂಟೆ ಏನು ಮಾಡಬೇಕು?

ಈ ಸಂಚಿಕೆ ನಮ್ಮ ಕಡೆ ಆಟೊಮ್ಯಾಟಿಕ್ ಕಾರು ಓಡಿಸೋ ಎಲ್ಲರಿಗೂ. ಅದರಲ್ಲೂ ಬೆಂಗಳೂರು, ಹುಬ್ಬಳ್ಳಿಯಿಂದ ಹಬ್ಬಕ್ಕೋ ಮದುವೆಗೋ ಊರಿಗೆ ಬರೋರಿಗೆ.

ಶಿರಸಿಯಿಂದ ಕುಮಟಾಕ್ಕೆ ಇಳಿಯೋಕೆ ದೇವಿಮನೆ ಘಾಟ್. ಯಲ್ಲಾಪುರದಿಂದ ಅಂಕೋಲಾಕ್ಕೆ ಅರಬೈಲ್ ಘಾಟ್. ಸಿದ್ದಾಪುರದಿಂದ ಕುಮಟಾ ಕಡೆಗೆ ದೊಡ್ಮನೆ ಘಾಟ್. ಇಲ್ಲೆಲ್ಲಾದರೂ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಏರತ್ತೆ, ಕಾರು ಮಾತ್ರ ಮುಂದೆ ಹೋಗಲ್ಲ ಅಂತಾದರೆ? ಆಗ ನೀವು ಮಾಡೋ ಕೆಲಸದ ಮೇಲೆ ಎರಡು ವಿಷಯ ನಿಂತಿವೆ. ಒಂದು, ಕಾರಲ್ಲಿರೋರ ಜೀವ. ಇನ್ನೊಂದು, ರಿಪೇರಿ ಬಿಲ್ಲು.

ಮೊದಲು ಜನ, ಆಮೇಲೆ ಕಾರು

ಕಾರು ಇನ್ನೂ ಉರುಳ್ತಾ ಇದ್ದರೆ ತಿರುವಿನಲ್ಲಿ ನಿಲ್ಲಿಸಬೇಡಿ. ಹಿಂದಿನಿಂದ ಬರೋ ಲಾರಿಗೆ ದೂರದಿಂದಲೇ ಕಾಣೋ ಜಾಗದಲ್ಲಿ, ಎಡಕ್ಕೆ ನಿಲ್ಲಿಸಿ. ಮಳೆಗಾಲ ಆದರೆ ಕಡಿದ ಧರೆಯ ಕೆಳಗೆ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗ ರಸ್ತೆ ಬದಿ ನಿಂತಿದ್ದ ವಾಹನಗಳು, ಹೋಟೆಲ್ಲು ಎಲ್ಲ ಮಣ್ಣಿನ ಪಾಲಾಗಿದ್ದನ್ನ ನಾವ್ಯಾರೂ ಮರೆತಿಲ್ಲ.

ನಾಲ್ಕೂ ಇಂಡಿಕೇಟರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿ. ಬಹುತೇಕ ಎಎಂಟಿ ಕಾರುಗಳಲ್ಲಿ ‘ಪಿ’ ಅನ್ನೋದೇ ಇರಲ್ಲ, ಹಾಗಾಗಿ ಕಲ್ಲು ಬೇಕೇ ಬೇಕು. ಹೊರಡುವಾಗ ಆ ಕಲ್ಲನ್ನ ರಸ್ತೆಯಿಂದ ತೆಗೆದು ಹೋಗಿ, ರಾತ್ರಿ ಬರೋ ಬೈಕಿನವರ ಪ್ರಾಣ ಉಳಿಯತ್ತೆ. ಕೆಂಪು ತ್ರಿಕೋನವನ್ನ ಕಾರಿನ ಹಿಂದೆ ನಾಲ್ಕು ಹೆಜ್ಜೆಗೆ ಇಟ್ಟರೆ ಪ್ರಯೋಜನ ಇಲ್ಲ. ಹಿಂದೆ ತಿರುವು ಇದ್ದರೆ ಆ ತಿರುವಿಗಿಂತ ಮೊದಲೇ ಇಡಿ. ಮಕ್ಕಳು, ಅಜ್ಜ-ಅಜ್ಜಿ ಎಲ್ಲರನ್ನೂ ಇಳಿಸಿ, ರಸ್ತೆಯಿಂದ ಆಚೆ ನಿಲ್ಲಿಸಿ.

ನಿಮ್ಮದು ಯಾವ ಆಟೊಮ್ಯಾಟಿಕ್?

ಎಲ್ಲ ಆಟೊಮ್ಯಾಟಿಕ್ ಒಂದೇ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿ ಜನಪ್ರಿಯ ಆಗಿದ್ದು ಎಎಂಟಿ. ಒಳಗಿರೋದು ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ಚು. ನಿಮ್ಮ ಕಾಲು, ಕೈ ಮಾಡೋ ಕೆಲಸವನ್ನ ಒಂದು ಯಂತ್ರ ಮಾಡತ್ತೆ, ಅಷ್ಟೇ. ಏರಿನಲ್ಲಿ ಟ್ರಾಫಿಕ್ ನಿಂತಾಗ ಬ್ರೇಕ್ ಒತ್ತದೆ ಆಕ್ಸಿಲರೇಟರ್‌ನಲ್ಲೇ ಕಾರು ಹಿಡಿದರೆ ಕ್ಲಚ್ ಸುಡತ್ತೆ, ಸುಟ್ಟ ವಾಸನೆ ಬರತ್ತೆ. ಎರಡು ಕ್ಲಚ್ಚಿರೋ ಡಿಸಿಟಿಗೂ ಇದೇ ಕಾಟ. ಟಾರ್ಕ್ ಕನ್ವರ್ಟರ್ ಮತ್ತು ಸಿವಿಟಿಯಲ್ಲಿ ಕೆಲಸ ನಡೆಸೋದು ಎಣ್ಣೆ. ಅದು ಅತಿಯಾಗಿ ಕಾದರೆ ಅಥವಾ ಸೋರಿ ಕಡಿಮೆಯಾದರೆ ಗೇರ್ ಹಿಡಿಯಲ್ಲ.

ಹೀಗಾದಾಗ ಕಾರಿನ ಕಂಪ್ಯೂಟರ್ ತನ್ನನ್ನ ತಾನೇ ಕಾಪಾಡಿಕೊಳ್ಳೋಕೆ ಒಂದೇ ಗೇರಿಗೆ ಅಂಟಿಕೊಳ್ಳಬಹುದು. ಇದಕ್ಕೆ ಲಿಂಪ್ ಮೋಡ್ ಅಂತಾರೆ. ಅಂದರೆ ಕುಂಟುತ್ತಾ ಹತ್ತಿರದ ಸುರಕ್ಷಿತ ಜಾಗ ಸೇರ್ಕೊ ಅಂತ. ಗೋಕರ್ಣ ನೋಡ್ಕೊಂಡು ಬಾ ಅಂತಲ್ಲ!

ಹದಿನೈದು ನಿಮಿಷದ ಪರೀಕ್ಷೆ

ಮೊದಲು ಡ್ಯಾಶ್‌ಬೋರ್ಡಿನ ಫೋಟೊ ತೆಗೆಯಿರಿ. ಯಾವ ದೀಪ ಉರಿಯುತ್ತಿತ್ತು ಅನ್ನೋದು ಮೆಕ್ಯಾನಿಕ್‌ಗೆ ಬೇಕು. ಆಮೇಲೆ ಎಂಜಿನ್ ಆಫ್ ಮಾಡಿ ಹದಿನೈದು ನಿಮಿಷ ಬಿಡಿ. ಅಷ್ಟರಲ್ಲಿ ಬಗ್ಗಿ ಕಾರಿನಡಿ ನೋಡಿ. ಎಣ್ಣೆ ತೊಟ್ಟಿಕ್ಕುತ್ತಿದ್ದರೆ (ಗೇರ್ ಎಣ್ಣೆ ಹೆಚ್ಚಾಗಿ ಕೆಂಪಗಿರತ್ತೆ) ಮತ್ತೆ ಸ್ಟಾರ್ಟ್ ಮಾಡಬೇಡಿ. ಬಾನೆಟ್ ತೆಗೆದು ಬ್ಯಾಟರಿ ಟರ್ಮಿನಲ್ ಸಡಿಲ ಆಗಿದೆಯಾ ನೋಡಿ. ಬ್ಯಾಟರಿ ಸೋತರೂ ಎಎಂಟಿಯಲ್ಲಿ ಗೇರ್ ಬೀಳಲ್ಲ. ಎಷ್ಟೋ ಸಲ ಗೇರ್‌ಬಾಕ್ಸ್ ಹೋಯ್ತು ಅಂತ ಹೆದರಿದ್ದು ಬರೀ ಬ್ಯಾಟರಿ ಆಗಿರತ್ತೆ.

ತಣ್ಣಗಾದ ಮೇಲೆ ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ, ಒಂದೇ ಒಂದು ಸಲ ‘ಡಿ’ಗೆ ಹಾಕಿ. ಹಿಡೀತಾ? ದೀಪವೂ ಆರಿತಾ? ನಿಧಾನಕ್ಕೆ ಹತ್ತಿರದ ಊರು ಸೇರಿ. ಹಿಡೀಲಿಲ್ವಾ? ಬಿಟ್ಟುಬಿಡಿ. ಎಂಜಿನ್ ಕೂಗಿಸಿ ಕೂಗಿಸಿ ಹತ್ತಿಸಿದರೆ ಕ್ಲಚ್ಚಲ್ಲಿ ಮುಗಿಯೋ ಖರ್ಚು ಇಡೀ ಗೇರ್‌ಬಾಕ್ಸಿಗೆ ಹೋಗತ್ತೆ.

ಹಗ್ಗ ಕಟ್ಟಿ ಎಳೆಯೋ ಮುಂಚೆ

ನಮ್ಮ ಕಡೆ ಜನ ಒಳ್ಳೆಯವರು. ಜೀಪು, ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟೋಕೆ ತಯಾರಾಗ್ತಾರೆ. ಆದರೆ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿಗೆ ಎಣ್ಣೆ ಪಂಪ್ ಆಗೋದು ಎಂಜಿನ್ ತಿರುಗಿದಾಗ. ಎಂಜಿನ್ ಆಫ್ ಇದ್ದು ಚಕ್ರ ಮಾತ್ರ ತಿರುಗಿದರೆ ಒಳಗಿನ ಭಾಗಗಳು ಎಣ್ಣೆ ಇಲ್ಲದೆ ಉಜ್ಜಿಹೋಗ್ತವೆ. ಜೊತೆಗೆ ಬ್ರೇಕು ಕಲ್ಲಿನ ಹಾಗೆ ಗಟ್ಟಿಯಾಗತ್ತೆ, ಸ್ಟೀರಿಂಗ್ ಭಾರ ಆಗತ್ತೆ. ಘಾಟಿ ಇಳಿಜಾರಿನಲ್ಲಿ ಹಗ್ಗದ ಮೇಲೆ ಅಂಥ ಕಾರು ಅಂದರೆ ಯೋಚನೆ ಮಾಡಿ. ತಳ್ಳಿ ಸ್ಟಾರ್ಟ್ ಮಾಡೋದೂ ಇಲ್ಲಿ ನಡೆಯಲ್ಲ.

ನಾಲ್ಕೂ ಚಕ್ರ ಮೇಲೆ ಹತ್ತಿಸೋ ಫ್ಲಾಟ್‌ಬೆಡ್ ಗಾಡಿಯನ್ನೇ ಕೇಳಿ. ಅದು ಸಿಗದಿದ್ದರೆ, ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗೋ ಕಾರಾದರೆ ಮುಂದಿನ ಎರಡು ಚಕ್ರ ಎತ್ತಿ ಎಳೀಬಹುದು. ಲಿವರ್ ‘ಪಿ’ಯಲ್ಲೇ ಸಿಕ್ಕಿಕೊಂಡಿದ್ದರೆ ಹಲವು ಕಾರುಗಳಲ್ಲಿ ಲಿವರ್ ಪಕ್ಕ ಒಂದು ಸಣ್ಣ ಮುಚ್ಚಳ ಇರತ್ತೆ. ಬ್ರೇಕ್ ಒತ್ತಿಕೊಂಡು, ಅದರೊಳಗೆ ಸ್ಕ್ರೂಡ್ರೈವರ್‌ನಿಂದ ಅದುಮಿದರೆ ‘ಎನ್‌’ಗೆ ಬರತ್ತೆ. ಚಕ್ರಕ್ಕೆ ಕಲ್ಲು ಇದ್ದಾಗ ಮಾತ್ರ ಇದನ್ನ ಮಾಡಿ.

ಸಿಗ್ನಲ್ ಇಲ್ಲದಿದ್ದರೆ?

ಘಾಟಿಯಲ್ಲಿ ಇದು ಮಾಮೂಲು. ಪೊಲೀಸ್, ಆಂಬುಲೆನ್ಸಿಗೆ 112. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ನಿಮ್ಮ ಸಿಮ್‌ಗೆ ನೆಟ್‌ವರ್ಕ್ ಇಲ್ಲದಿದ್ದರೂ ಬೇರೆ ಕಂಪನಿಯದ್ದು ಇದ್ದರೆ 112ಕ್ಕೆ ಕರೆ ಹೋಗಬಹುದು, ಪ್ರಯತ್ನಿಸಿ. ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿ ಬರೆದುಕೊಳ್ಳಿ. ವಾಯವ್ಯ ಸಾರಿಗೆ ಬಸ್ಸು ಬಂದರೆ ಕೈ ಮಾಡಿ, ಕಂಡಕ್ಟರ್ ಹತ್ತಿರ ಒಂದು ಚೀಟಿ ಕೊಟ್ಟು ಕಳಿಸಿ, ಇಲ್ಲಾ ಒಬ್ಬರು ಹತ್ತಿ ಊರಿಗೆ ಹೋಗಿ.

ಈಗ ದುಡ್ಡಿನ ಮಾತು

ಬಿ.ಕಾಂ ಓದಿದವನು, ಇದನ್ನ ಹೇಳದೆ ಬಿಡಲ್ಲ. ಸಾಮಾನ್ಯ ಕಾರು ವಿಮೆ ಅಪಘಾತದ ನಷ್ಟಕ್ಕೆ. ಯಂತ್ರ ತಾನಾಗಿ ಕೆಟ್ಟರೆ ಅದು ಕೊಡಲ್ಲ. ಕಾರು ಎಳೆಸೋ ಖರ್ಚಿಗೆ ರೋಡ್‌ಸೈಡ್ ಅಸಿಸ್ಟೆನ್ಸ್ ಅನ್ನೋದನ್ನ ಪಾಲಿಸಿ ಜೊತೆ ಬೇರೆಯಾಗಿ ತಗೊಂಡಿರಬೇಕು. ಅದರಲ್ಲೂ ಎಷ್ಟು ಕಿಲೋಮೀಟರ್‌ವರೆಗೆ ಉಚಿತ ಅನ್ನೋ ಮಿತಿ ಇರತ್ತೆ. ನಿಮ್ಮ ಬ್ರ್ಯಾಂಡಿನ ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲಿದ್ದರೆ ಶಿರಸಿಯಿಂದಲೇ ಸುಮಾರು 100 ಕಿಲೋಮೀಟರ್. ಮಿತಿ 50 ಆಗಿದ್ದರೆ ಉಳಿದದ್ದು ನಿಮ್ಮ ಜೇಬಿಂದ.

ವಾರಂಟಿ ಇದ್ದರೂ ಕ್ಲಚ್ಚನ್ನ ಸಾಮಾನ್ಯವಾಗಿ ಸವೆಯೋ ಭಾಗ ಅಂತ ಹೊರಗಿಡ್ತಾರೆ. ಗ್ಯಾರೇಜಲ್ಲಿ ಯಾರಾದರೂ ‘ಗೇರ್‌ಬಾಕ್ಸೇ ಬದಲಿಸ್ಬೇಕು’ ಅಂದರೆ ಮೂರು ವಿಷಯ ಕೇಳಿ: ಸ್ಕ್ಯಾನರ್ ತೋರಿಸಿದ ಕೋಡ್ ಬರಹದಲ್ಲಿ, ಕ್ಲಚ್ಚಿಗೆ ಮತ್ತು ಗೇರ್‌ಬಾಕ್ಸಿಗೆ ಬೇರೆ ಬೇರೆ ಅಂದಾಜು ಪಟ್ಟಿ, ಬಿಚ್ಚಿದ ಹಳೇ ಭಾಗ.

ಈ ವಾರಾಂತ್ಯ ಊರಿಗೆ ಹೊರಡೋರು ಪಾಲಿಸಿ ತೆಗೆದು ಸಹಾಯವಾಣಿ ನಂಬರ್, ಕಿಲೋಮೀಟರ್ ಮಿತಿ ಎರಡನ್ನೂ ಕಾಗದದ ಮೇಲೆ ಬರೆದು ಡ್ಯಾಶ್‌ಬೋರ್ಡಲ್ಲಿ ಇಟ್ಕೊಳ್ಳಿ. ಫೋನಲ್ಲಿದ್ದರೆ ಸಾಲದು, ಚಾರ್ಜೂ ಹೋಗತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹುಷಾರಾಗಿ ಬನ್ನಿ.