ಅಮೆರಿಕದ ಪಕ್ಷಕಲಹ ಮತ್ತು ಧಾರವಾಡದ ಹತ್ತಿ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಸುತ್ತಿನ ರೇಷ್ಮೆ ಬೆಳೆಗಾರರಿಗೂ ಶಿಡ್ಲಘಟ್ಟದ ರೀಲರುಗಳಿಗೂ 2011ರ ಕೇಂದ್ರ ಮುಂಗಡಪತ್ರ ಮರೆಯುವಂಥದ್ದಲ್ಲ. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದ ಆ ವರ್ಷ ಗೂಡಿನ ಧಾರಣೆ ಕುಸಿಯಿತು. 2013ರಲ್ಲಿ ಸುಂಕವನ್ನು ಶೇಕಡಾ 15ಕ್ಕೆ ಏರಿಸಲಾಯಿತು. ದೂರದ ಶಾಸನಸಭೆಯ ತೀರ್ಮಾನ ಊರಿನ ತಕ್ಕಡಿಯನ್ನು ಅಲುಗಿಸುವ ಈ ಸಂಗತಿ ಹೊಸದಲ್ಲ. ನೂರೈವತ್ತು ವರ್ಷಗಳಿಗೂ ಹಿಂದೆ ಕನ್ನಡ ನಾಡಿನ ಮತ್ತೊಂದು ಬೆಳೆ, ಧಾರವಾಡದ ಹತ್ತಿ, ಇದಕ್ಕಿಂತ ದೊಡ್ಡ ಏರಿಳಿತವನ್ನು ಕಂಡಿತು. ಅದರ ಮೂಲವಿದ್ದುದು ಅಮೆರಿಕದ ಪಶ್ಚಿಮ ದಿಕ್ಕಿನ ವಿಸ್ತರಣೆಯಲ್ಲಿ ಹಾಗೂ ಅದರ ಸುತ್ತ ನಡೆದ ಪಕ್ಷರಾಜಕಾರಣದಲ್ಲಿ.

ಸಾಲದ ಮೇಲೆ ಭೂಮಿ

1803ರಲ್ಲಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಸರ್ಕಾರ ಫ್ರಾನ್ಸಿನಿಂದ ಲೂಸಿಯಾನಾ ಪ್ರದೇಶವನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡಿತು. ಅಮೆರಿಕದ ವಿಸ್ತೀರ್ಣ ಒಮ್ಮೆಗೇ ಸುಮಾರು ಇಮ್ಮಡಿಯಾಯಿತು. ವಿರೋಧ ಪಕ್ಷವಾದ ಫೆಡರಲಿಸ್ಟರು ಇದನ್ನು ಒಪ್ಪಲಿಲ್ಲ. ಪಶ್ಚಿಮದಲ್ಲಿ ಹೊಸ ರಾಜ್ಯಗಳು ಹುಟ್ಟಿದರೆ ತಮ್ಮ ಈಶಾನ್ಯದ ವರ್ತಕ ನಗರಗಳ ಮಾತಿಗೆ ಬೆಲೆ ಕುಗ್ಗುತ್ತದೆಂಬುದು ಅವರ ಆತಂಕವಾಗಿತ್ತು.

ಸರ್ಕಾರಿ ಭೂಮಿಯ ಮಾರಾಟ ನಡೆದುದು ಸಾಲದ ಮೇಲೆ. 1800ರ ಕಾಯಿದೆಯಂತೆ ಎಕರೆಗೆ ಕನಿಷ್ಠ ಎರಡು ಡಾಲರು. ಕಾಲು ಭಾಗವನ್ನು ಮೊದಲು ಕೊಟ್ಟು ಉಳಿದುದನ್ನು ನಾಲ್ಕು ವರ್ಷಗಳಲ್ಲಿ ತೀರಿಸಬಹುದಿತ್ತು. ಹತ್ತಿಯ ಧಾರಣೆ ಏರುತ್ತಿದ್ದಾಗ ಜನ ತಮ್ಮ ಶಕ್ತಿ ಮೀರಿ ಭೂಮಿ ಹಿಡಿದರು. 1819ರಲ್ಲಿ ಲಿವರ್‌ಪೂಲ್ ಪೇಟೆಯಲ್ಲಿ ಹತ್ತಿ ಬೆಲೆ ಬಿದ್ದಿತು, ಬ್ಯಾಂಕುಗಳು ಸಾಲವನ್ನು ಬಿಗಿಗೊಳಿಸಿದವು. ಭೂಮಿ ಕೊಂಡವರು ಸರ್ಕಾರಕ್ಕೆ ಉಳಿಸಿಕೊಂಡ ಬಾಕಿ ಎರಡು ಕೋಟಿ ಡಾಲರನ್ನೂ ಮೀರಿತ್ತು. 1820ರಲ್ಲಿ ಸಾಲದ ಪದ್ಧತಿಯನ್ನೇ ರದ್ದುಪಡಿಸಿ, ಎಕರೆಗೆ ಒಂದೂಕಾಲು ಡಾಲರಿನಂತೆ ನಗದು ಮಾರಾಟವನ್ನು ಜಾರಿಗೆ ತರಲಾಯಿತು.

ಎರಡು ಪಕ್ಷ, ಎರಡು ನೀತಿ

ಮುಂದಿನ ಎರಡು ದಶಕಗಳಲ್ಲಿ ಹೊಸ ಪಕ್ಷಗಳು ರೂಪುಗೊಂಡವು. 1828ರಲ್ಲಿ ಚುನಾಯಿತರಾದ ಆಂಡ್ರೂ ಜಾಕ್ಸನ್ ಅವರ ಡೆಮಾಕ್ರಟಿಕ್ ಪಕ್ಷ ಅಗ್ಗದ ಭೂಮಿ ಹಾಗೂ ಕ್ಷಿಪ್ರ ವಿಸ್ತರಣೆಯ ಪರವಾಗಿತ್ತು. ಕೇಂದ್ರೀಯ ಬ್ಯಾಂಕನ್ನು ವಿರೋಧಿಸುತ್ತಿತ್ತು. ಹೆನ್ರಿ ಕ್ಲೇ ಅವರ ವಿಗ್ ಪಕ್ಷ ರಕ್ಷಣಾತ್ಮಕ ಸುಂಕ, ರಾಷ್ಟ್ರೀಯ ಬ್ಯಾಂಕ್, ರಸ್ತೆ ಮತ್ತು ಕಾಲುವೆಗಳನ್ನು ಬಯಸಿತು. ಉತ್ತರದ ಕಾರ್ಖಾನೆಗಳಿಗೆ ಸುಂಕ ಬೇಕಿತ್ತು. ಹತ್ತಿ ಮಾರಿ ವಿದೇಶಿ ಸರಕು ಕೊಳ್ಳುತ್ತಿದ್ದ ದಕ್ಷಿಣಕ್ಕೆ ಅದು ಭಾರವಾಗಿತ್ತು. 1832ರಲ್ಲಿ ದಕ್ಷಿಣ ಕೆರೋಲಿನಾ ರಾಜ್ಯ ಸುಂಕದ ಕಾಯಿದೆಯನ್ನೇ ಅಸಿಂಧುವೆಂದು ಘೋಷಿಸಿತು. ಮರುವರ್ಷ ಸುಂಕ ಇಳಿಸುವ ಒಪ್ಪಂದದಿಂದ ಬಿಕ್ಕಟ್ಟು ತಿಳಿಯಾಯಿತು.

ಈ ವಿಸ್ತರಣೆಯ ನಿಜವಾದ ಬೆಲೆ ತೆತ್ತವರು ಬೇರೆಯವರು. 1830ರ ಕಾಯಿದೆಯ ಬಲದಿಂದ ಆಗ್ನೇಯ ಭಾಗದ ಮೂಲನಿವಾಸಿ ಜನಾಂಗಗಳನ್ನು ಮಿಸಿಸಿಪ್ಪಿ ನದಿಯಾಚೆಗೆ ಸಾಗಹಾಕಲಾಯಿತು. ತೆರವಾದ ಅಲಬಾಮಾ ಹಾಗೂ ಮಿಸಿಸಿಪ್ಪಿಯ ಫಲವತ್ತಾದ ಭೂಮಿಯಲ್ಲಿ ಗುಲಾಮರ ದುಡಿಮೆಯಿಂದ ಹತ್ತಿ ಬೆಳೆಯಿತು. ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ಇರಬೇಕೇ ಬೇಡವೇ ಎಂಬ ಪ್ರಶ್ನೆಯನ್ನು 1820ರ ಮಿಸ್ಸೂರಿ ಒಪ್ಪಂದ ಮುಂದೂಡಿತಷ್ಟೇ, ಬಗೆಹರಿಸಲಿಲ್ಲ. ಮೆಕ್ಸಿಕೋ ಯುದ್ಧದಿಂದ 1848ರಲ್ಲಿ ಮತ್ತಷ್ಟು ಭೂಮಿ ಸೇರಿದಾಗ ಅದೇ ಪ್ರಶ್ನೆ ಮರಳಿ ಬಂದಿತು. ಅದರ ಏಟಿಗೆ ವಿಗ್ ಪಕ್ಷ ಒಡೆದುಹೋಯಿತು; 1854ರಲ್ಲಿ ರಿಪಬ್ಲಿಕನ್ ಪಕ್ಷ ಹುಟ್ಟಿತು.

ಕುಸುಗಲ್ಲಿಗೆ ಬಂದ ಬೀಜ

ಇತ್ತ ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳು ತಮಗೆ ಬೇಕಾದ ಹತ್ತಿಯ ಬಹುಪಾಲಿಗೆ ಅಮೆರಿಕವೊಂದನ್ನೇ ಅವಲಂಬಿಸಿದ್ದವು. ಇದು ಅಪಾಯವೆಂದರಿತು ಈಸ್ಟ್ ಇಂಡಿಯಾ ಕಂಪನಿಯು 1840ರಲ್ಲಿ ಅಮೆರಿಕದ ಅನುಭವಿ ಹತ್ತಿ ಬೆಳೆಗಾರರನ್ನು ಬೀಜ ಹಾಗೂ ಜಿನ್ ಯಂತ್ರಗಳೊಡನೆ ಭಾರತಕ್ಕೆ ಕರೆಸಿತು. ಹಲವೆಡೆ ಪ್ರಯೋಗ ಸೋತಿತು. ಆದರೆ ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ 1840ರ ದಶಕದಲ್ಲಿ ಬಿತ್ತಿದ ನ್ಯೂ ಆರ್ಲಿಯನ್ಸ್ ಬೀಜ ನೆಲಕ್ಕೆ ಒಗ್ಗಿತು. ರೈತರೇ ಅದನ್ನು ಬಿತ್ತತೊಡಗಿದರು. ಕುಮಟಾ ಬಂದರಿನಿಂದ ಸಾಗುತ್ತಿದ್ದುದರಿಂದ 'ಕುಮಟಾ' ಎನಿಸಿಕೊಂಡಿದ್ದ ನಾಟಿ ಹತ್ತಿಯ ಜೊತೆಗೆ 'ಧಾರವಾಡ ಅಮೆರಿಕನ್' ಎಂಬ ಹೊಸ ಹೆಸರು ಪೇಟೆಯಲ್ಲಿ ನಿಂತಿತು.

1860ರಲ್ಲಿ ರಿಪಬ್ಲಿಕನ್ ಪಕ್ಷದ ಅಬ್ರಹಾಂ ಲಿಂಕನ್ ಗೆದ್ದರು. ದಕ್ಷಿಣದ ರಾಜ್ಯಗಳು ಬೇರ್ಪಟ್ಟು 1861ರಲ್ಲಿ ಅಂತರ್ಯುದ್ಧ ಆರಂಭವಾಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದೊಡನೆ ಭಾರತದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಧಾರವಾಡದ ಹತ್ತಿಗೆ ಹತ್ತಿರದ ಹಡಗುದಾರಿ ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಕಾರವಾರದತ್ತ ಕಣ್ಣುಹಾಯಿಸಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಲಾಯಿತು.

ಬೆಲೆಯೊಡನೆ ಕಲಬೆರಕೆಯೂ ಏರಿತು. ಉತ್ತಮ ಹತ್ತಿಗೆ ಕೀಳು ದರ್ಜೆಯದನ್ನು ಬೆರೆಸುವುದು, ತೂಕಕ್ಕಾಗಿ ಬೀಜ, ಮಣ್ಣು ಸೇರಿಸುವುದು ಎಷ್ಟು ಹೆಚ್ಚಿತೆಂದರೆ, ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ಮೋಸ ತಡೆಗೆಂದೇ ಕಾಯಿದೆ ಮಾಡಬೇಕಾಯಿತು. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಜಾರಿತು, ಹತ್ತಿಯ ಲಾಭವನ್ನು ಶೇರುಗಳಲ್ಲಿ ತೊಡಗಿಸಿದ್ದ ಮುಂಬಯಿಯ ಅನೇಕ ಮನೆತನಗಳು ದಿವಾಳಿಯೆದ್ದವು.

ವ್ಯಾಪಾರಸ್ಥರು ಗಮನಿಸಬೇಕಾದುದು

ಬೇಡಿಕೆ ಬೆಳೆದುದರಿಂದ ಏರುವ ಬೆಲೆ ಬೇರೆ, ಪ್ರತಿಸ್ಪರ್ಧಿಯ ಸಂಕಷ್ಟದಿಂದ ಏರುವ ಬೆಲೆ ಬೇರೆ. ಎರಡನೆಯದು ಆ ಸಂಕಷ್ಟ ಇರುವವರೆಗೆ ಮಾತ್ರ ಬಾಳುತ್ತದೆ. ಏರಿದ ಬೆಲೆಯನ್ನು ನಂಬಿ ದೀರ್ಘಾವಧಿಯ ಸಾಲ ಮಾಡಿದವರು 1819ರಲ್ಲಿ ಅಲಬಾಮಾದಲ್ಲಿಯೂ 1865ರಲ್ಲಿ ಮುಂಬಯಿಯಲ್ಲಿಯೂ ಒಂದೇ ಬಗೆಯಲ್ಲಿ ಸೋತರು. ಗಿರಾಕಿ ಬೇರೆ ದಾರಿಯಿಲ್ಲದೆ ಬಂದಿರುವಾಗ ಗುಣಮಟ್ಟ ಕೆಡಿಸಿದರೆ, ಅವನಿಗೆ ದಾರಿ ತೆರೆದ ದಿನವೇ ಪೇಟೆ ಕೈತಪ್ಪುತ್ತದೆ. ಇದಕ್ಕೆ ಪ್ರತಿಯಾಗಿ, ಏರಿಳಿತದ ನಂತರವೂ ಉಳಿದುದು ನೆಲಕ್ಕೆ ಒಗ್ಗಿದ ಬೀಜ, ಯಂತ್ರದ ಪರಿಣತಿ ಹಾಗೂ ಸಾಗಾಣಿಕೆಯ ಮಾರ್ಗ. 1880ರ ದಶಕದಲ್ಲಿ ರೈಲು ಬಂದಾಗ ಹುಬ್ಬಳ್ಳಿ ಮತ್ತು ಗದಗ ಪ್ರಮುಖ ಹತ್ತಿ ಪೇಟೆಗಳಾಗಿ ಬೆಳೆದುದು ಈ ತಳಹದಿಯ ಮೇಲೆ.

ಆಮದು ಸುಂಕ, ರಫ್ತು ನಿರ್ಬಂಧ, ಪ್ರತಿಸ್ಪರ್ಧಿ ದೇಶದ ಚುನಾವಣೆ ಇವುಗಳ ಸುದ್ದಿಯನ್ನು ರಾಜಕೀಯವೆಂದು ಬದಿಗಿಡದೆ ಧಾರಣೆಪಟ್ಟಿಯೊಡನೆಯೇ ಓದುವುದು ಗೂಡು, ನೂಲು, ಹತ್ತಿ ಯಾವುದೇ ಸರಕಿನ ವರ್ತಕನಿಗೂ ಕ್ಷೇಮಕರ. ಲಾಭದ ವರ್ಷದಲ್ಲಿ ಬಂದ ಹಣದ ಒಂದು ಪಾಲನ್ನು ಸಾಲ ತೀರಿಸಲು, ಮತ್ತೊಂದು ಪಾಲನ್ನು ಯಂತ್ರ ಹಾಗೂ ಗುಣಮಟ್ಟಕ್ಕೆ ವಿನಿಯೋಗಿಸಿದವರು ಧಾರಣೆ ಇಳಿದಾಗಲೂ ಅಂಗಡಿ ತೆರೆದಿಟ್ಟುಕೊಳ್ಳಬಲ್ಲರು.