ಫಿಟ್ಸ್ ಕಾಯಿಲೆ: ಮಾತ್ರೆ ಸಾಕೇ, ಶಸ್ತ್ರಚಿಕಿತ್ಸೆ ಬೇಕೇ?

ನಮ್ಮ ಊರುಗಳಲ್ಲಿ ಫಿಟ್ಸ್ ಎಂದು ಕರೆಯುವ ಅಪಸ್ಮಾರವು ಮೆದುಳಿಗೆ ಸಂಬಂಧಿಸಿದ ಕಾಯಿಲೆ. ಮೆದುಳಿನ ಜೀವಕೋಶಗಳಲ್ಲಿನ ವಿದ್ಯುತ್ ಸಂಚಾರ ಒಮ್ಮೆಲೇ ಅಂಕೆ ತಪ್ಪಿದಾಗ ಸೆಳೆತ ಬರುತ್ತದೆ. ಇದು ಅಂಟುರೋಗವಲ್ಲ. ಆದರೆ ಬಾವಿಕಟ್ಟೆಯಲ್ಲಿ, ಅಡಿಕೆ ಮರದ ಮೇಲೆ ಅಥವಾ ಒಲೆಯ ಮುಂದೆ ಸೆಳೆತ ಬಂದರೆ ಜೀವಕ್ಕೇ ಅಪಾಯ. ಆದ್ದರಿಂದ ಕೃಷಿಕ ಕುಟುಂಬದವರು "ತಿಂಗಳಿಗೆ ಒಂದೆರಡು ಸಲ ಮಾತ್ರ ಬರುತ್ತದೆ" ಎಂದು ಸಮಾಧಾನ ಪಡಬಾರದು. ಸೆಳೆತ ಪೂರ್ತಿ ನಿಲ್ಲಬೇಕೆಂಬುದೇ ಚಿಕಿತ್ಸೆಯ ಗುರಿ.

ಮೊದಲ ಚಿಕಿತ್ಸೆ ಮಾತ್ರೆಯೇ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹೊಸದಾಗಿ ಚಿಕಿತ್ಸೆ ಆರಂಭಿಸಿದ 470 ರೋಗಿಗಳ ವಿವರ 2000ದಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 47 ಮಂದಿಗೆ ಮೊದಲ ಮಾತ್ರೆಯಿಂದಲೇ ಸೆಳೆತ ನಿಂತಿತು. ಎರಡನೆಯ ಅಥವಾ ಮೂರನೆಯ ಮಾತ್ರೆಯಿಂದ ನಿಂತದ್ದು ಶೇಕಡಾ 14 ಮಂದಿಗೆ ಮಾತ್ರ. ಅಂದರೆ ಸರಿಯಾಗಿ ಆಯ್ದ ಎರಡು ಮಾತ್ರೆಗಳು ತಕ್ಕ ಪ್ರಮಾಣದಲ್ಲಿ ಕೊಟ್ಟರೂ ಸೋತರೆ, ಮಾತ್ರೆ ಬದಲಿಸುತ್ತಾ ಹೋಗುವುದರಿಂದ ಸಿಗುವ ಲಾಭ ಅಲ್ಪ. ಇಂತಹ ರೋಗಿಗೆ ಶಸ್ತ್ರಚಿಕಿತ್ಸೆ ಹೊಂದುತ್ತದೆಯೇ ಎಂದು ಆಗಲೇ ಪರೀಕ್ಷಿಸಬೇಕು.

ಮೆದುಳಿನ ಒಂದು ನಿರ್ದಿಷ್ಟ ಭಾಗದಿಂದ ಸೆಳೆತ ಹುಟ್ಟುತ್ತಿದ್ದು, ಆ ಭಾಗವನ್ನು ತೆಗೆಯುವುದರಿಂದ ದೊಡ್ಡ ಹಾನಿಯಿಲ್ಲವೆಂದಾದರೆ ಶಸ್ತ್ರಚಿಕಿತ್ಸೆ ಸಾಧ್ಯ. ಮೆದುಳಿನ ಟೆಂಪೊರಲ್ ಭಾಗದಿಂದ ಬರುವ ಸೆಳೆತಕ್ಕೆ ಇದು ಹೆಚ್ಚು ಫಲಕಾರಿ. ಹೊಟ್ಟೆಯಿಂದ ಏನೋ ಮೇಲೆದ್ದಂತಾಗುವುದು, ನೆಟ್ಟನೋಟ, ಬಾಯಿ ಚಪ್ಪರಿಸುವುದು ಇದರ ಲಕ್ಷಣಗಳು. ಎಂ.ಆರ್.ಐ. ಮತ್ತು ವಿಡಿಯೋ ಇ.ಇ.ಜಿ. ಪರೀಕ್ಷೆಗಳಿಂದ ಜಾಗವನ್ನು ಗುರುತಿಸುತ್ತಾರೆ.

ಎರಡು ಮಾತ್ರೆಗಳು ಸೋತು ಎರಡು ವರ್ಷ ಮೀರದ 38 ಟೆಂಪೊರಲ್ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ಗುಂಪಿನ 15 ಮಂದಿಯಲ್ಲಿ 11 ಮಂದಿಗೆ ಎರಡನೆಯ ವರ್ಷವಿಡೀ ಸೆಳೆತ ಬರಲಿಲ್ಲ. ಮಾತ್ರೆಯನ್ನೇ ಮುಂದುವರಿಸಿದ 23 ಮಂದಿಯಲ್ಲಿ ಒಬ್ಬರಿಗೂ ಆ ಭಾಗ್ಯ ಸಿಗಲಿಲ್ಲ. ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಮಾತ್ರೆಗೆ ಬಗ್ಗದ 116 ಮಕ್ಕಳ ಅಧ್ಯಯನವು 2017ರಲ್ಲಿ ಹೊರಬಂತು. ಒಂದು ವರ್ಷದ ನಂತರ ಸೆಳೆತದಿಂದ ಮುಕ್ತರಾದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 77, ಮಾತ್ರೆಯ ಗುಂಪಿನಲ್ಲಿ ಶೇಕಡಾ 7.

ಅಪಾಯವೇ ಇಲ್ಲವೆಂದಲ್ಲ. ದೆಹಲಿಯಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನ 57 ಮಕ್ಕಳಲ್ಲಿ 15 ಮಂದಿಗೆ ದೇಹದ ಒಂದು ಪಾರ್ಶ್ವದ ಬಲ ಕುಂದಿತು. ಕೆಲವರಿಗೆ ನೆನಪಿನ ಶಕ್ತಿ ಕುಗ್ಗಬಹುದು. ಶಸ್ತ್ರಚಿಕಿತ್ಸೆಯ ಬಳಿಕವೂ ಕೆಲಕಾಲ ಮಾತ್ರೆ ಬೇಕು. ಆದರೆ ನಿಲ್ಲದ ಸೆಳೆತದಿಂದಲೂ ಬಿದ್ದು ಗಾಯ, ಸುಟ್ಟಗಾಯ, ನೀರಲ್ಲಿ ಮುಳುಗುವುದು, ಕೆಲವೊಮ್ಮೆ ಹಠಾತ್ ಮರಣವೂ ಆಗುತ್ತದೆಂಬುದನ್ನು ಮರೆಯಬಾರದು. ಮಕ್ಕಳ ಓದು, ದುಡಿಮೆಯ ವರ್ಷಗಳು ಕಳೆದ ಮೇಲೆ ಸೆಳೆತ ನಿಂತರೂ ಕಳೆದುಹೋದದ್ದು ಹಿಂದೆ ಬಾರದು.

ಮನೆಯವರು ಗಮನಿಸಬೇಕಾದವು:

1. ಸೆಳೆತದ ದಿನ, ಹೊತ್ತು, ಲಕ್ಷಣ ಬರೆದಿಡಿ. ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ.

2. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಕೊಯ್ಲಿನ ಗಡಿಬಿಡಿಯಲ್ಲೂ ತಪ್ಪಿಸಬೇಡಿ.

3. ಸೆಳೆತ ಬಂದಾಗ ರೋಗಿಯನ್ನು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ ತುರುಕಬೇಡಿ, ನೀರು ಹಾಕಬೇಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ.

4. ಎರಡು ಮಾತ್ರೆಗಳಿಂದಲೂ ಸೆಳೆತ ನಿಲ್ಲದಿದ್ದರೆ, ದೊಡ್ಡ ಕೇಂದ್ರಕ್ಕೆ ಪತ್ರ ಕೊಡಿರೆಂದು ವೈದ್ಯರನ್ನು ಕೇಳಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1995ರಿಂದ ಈ ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಸೌಲಭ್ಯವಿದೆ.

ಪರೀಕ್ಷೆಗೆ ಹೋದವರಿಗೆಲ್ಲ ಶಸ್ತ್ರಚಿಕಿತ್ಸೆ ಆಗುವುದಿಲ್ಲ. ಆದರೆ ಯಾರಿಗೆ ಆಗಬಹುದೆಂದು ತಿಳಿಯಬೇಕಾದರೆ ಬೇಗನೆ ಪರೀಕ್ಷೆ ಮಾಡಿಸಲೇಬೇಕು.