ಉಪಗ್ರಹಗಳನ್ನೇರಿಸುವ ಹೊಸ ಹಾದಿಗಳೂ ಜನಸಾಮಾನ್ಯರ ಸಂದೇಹವೂ

ಮಾಗಿದ ಪೈರಿಗೆ ಎರಗುವ ಹಕ್ಕಿಗಳನ್ನು ಓಡಿಸಲು ರೈತರು ಬೀಸುತ್ತಿದ್ದ ಕವಣೆಯನ್ನು ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಹಿರಿಯರು ಬಲ್ಲರು. ಹಗ್ಗದ ನಡುವಣ ಜೋಲಿಯಲ್ಲಿ ಕಲ್ಲಿಟ್ಟು, ತಲೆಯ ಸುತ್ತ ವೇಗವಾಗಿ ತಿರುಗಿಸಿ, ತಕ್ಕ ಗಳಿಗೆಯಲ್ಲಿ ಒಂದು ತುದಿಯನ್ನು ಬಿಟ್ಟರೆ ಆ ಕಲ್ಲು ಬರಿಗೈಯ ಎಸೆತಕ್ಕಿಂತ ಬಹುದೂರ ಹೋಗುತ್ತದೆ. ಇದೇ ತತ್ತ್ವವನ್ನು ಹಿಡಿದು ಉಪಗ್ರಹಗಳನ್ನು ಮೇಲಕ್ಕೆ ಎಸೆಯಬಹುದೆಂದು ಅಮೆರಿಕದ ಸ್ಪಿನ್‌ಲಾಂಚ್ ಎಂಬ ಸಂಸ್ಥೆಯು ಹೇಳಿತು. ಹೇಳಿ ಸುಮ್ಮನಾಗದೆ, ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ 33 ಮೀಟರ್ ವ್ಯಾಸದ ಭಾರಿ ಉಕ್ಕಿನ ಕೋಶವೊಂದನ್ನು ಕಟ್ಟಿ, ಅದರೊಳಗಿನ ಗಾಳಿಯನ್ನು ಹೀರಿ ತೆಗೆದು, ಒಳಗೆ ತೋಳೊಂದನ್ನು ಗಿರ್ರನೆ ತಿರುಗಿಸಿ, 2021ರ ಅಕ್ಟೋಬರ್ 22ರಂದು ಬಾಣದಾಕಾರದ ವಸ್ತುವೊಂದನ್ನು ಆಕಾಶಕ್ಕೆ ಎಸೆದೂ ತೋರಿಸಿತು. ಸುದ್ದಿಯನ್ನು ಕೇಳಿದ ಅನೇಕರು ನಕ್ಕರು. ಕವಣೆಯಿಂದ ಉಪಗ್ರಹವೇ ಎಂಬುದು ಅವರ ಪ್ರಶ್ನೆ.

ಈ ನಗುವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ; ಅದನ್ನೇ ತೀರ್ಪೆಂದು ಒಪ್ಪುವುದೂ ಸರಿಯಲ್ಲ. ಸಂದೇಹ ಪಡುವವನು ಲೆಕ್ಕ ಹಾಕಿ ನೋಡಿದ್ದಾನೆಯೇ, ಇಲ್ಲವೇ ಎಂಬುದೊಂದೇ ಇಲ್ಲಿ ಕೇಳಬೇಕಾದ ಮಾತು. ಆ ಲೆಕ್ಕವೂ ಪ್ರೌಢಶಾಲೆಯ ಗಣಿತವನ್ನು ಮೀರಿದ್ದೇನೂ ಅಲ್ಲ.

ಆಕಾಶಕ್ಕೇರುವುದೆಂದರೆ ಎತ್ತರಕ್ಕೆ ಹೋಗುವುದೆಂಬ ಭಾವನೆ ಸಾರ್ವತ್ರಿಕವಾದುದು. ವಾಸ್ತವದಲ್ಲಿ ಎತ್ತರ ಅಷ್ಟು ಕಠಿಣವಲ್ಲ, ಅಡ್ಡವೇಗ ಕಠಿಣ. ಭೂಮಿಗೆ ಸಮೀಪದ ಕಕ್ಷೆಯಲ್ಲಿ ಉಪಗ್ರಹವು ಕೆಳಗೆ ಬೀಳದೆ ಸುತ್ತುತ್ತಿರಬೇಕಾದರೆ ಅದಕ್ಕೆ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್, ಅಂದರೆ ಗಂಟೆಗೆ 28,000 ಕಿಲೋಮೀಟರ್ ವೇಗ ಬೇಕು. ಕುಮಟೆಯಿಂದ ಭಟ್ಕಳಕ್ಕೆ ಬಸ್ಸಿನಲ್ಲಿ ಹೊರಟವರು ಹೊನ್ನಾವರದಲ್ಲಿ ಶರಾವತಿಯ ಸೇತುವೆಯನ್ನು ದಾಟಿ ಊರು ಸೇರುವಷ್ಟರಲ್ಲಿ ಒಂದು ಗಂಟೆ ಮೀರುತ್ತದೆ. ಆ ವೇಗದಲ್ಲಿ ಸಾಗುವ ಉಪಗ್ರಹಕ್ಕೆ ಇದು ಏಳು ಸೆಕೆಂಡುಗಳ ದಾರಿ. ಈ ಒಂದು ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹೊಸ ಉಪಾಯಗಳಲ್ಲಿ ಯಾವುದು ಹುರುಳುಳ್ಳದ್ದು, ಯಾವುದು ಬರಿಯ ಸದ್ದು ಎಂಬುದು ಬಹುಮಟ್ಟಿಗೆ ತಾನಾಗಿ ತಿಳಿಯುತ್ತದೆ.

ಇದೇ ಕರಾವಳಿಯಿಂದ ರಾಕೆಟ್ಟುಗಳನ್ನು ಹಾರಿಸಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ಒಳ್ಳೆಯದೇ. ಭಟ್ಕಳವೂ ಆಂಧ್ರದ ಶ್ರೀಹರಿಕೋಟೆಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ಎರಡು ಕಡೆಯೂ ಎದುರಿಗೆ ಕಡಲಿದೆ. ಆದರೆ ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿರುವುದರಿಂದ ಪೂರ್ವಕ್ಕೆ ಹೊರಟ ರಾಕೆಟ್ಟಿಗೆ ಈ ಅಕ್ಷಾಂಶದಲ್ಲಿ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗವು ಪುಕ್ಕಟೆಯಾಗಿ ಸಿಗುತ್ತದೆ. ಭಟ್ಕಳದಿಂದ ಪೂರ್ವಕ್ಕೆ ಹಾರಿಸಿದರೆ ಉರಿದು ಕಳಚುವ ಹಂತಗಳು ಘಟ್ಟದ ಮೇಲಣ ಊರುಗಳ ಮೇಲೆ ಬೀಳುವುವು. ಪಶ್ಚಿಮಕ್ಕೆ ಹಾರಿಸಿದರೆ ಆ ಪುಕ್ಕಟೆ ವೇಗವು ನಷ್ಟವಾಗುವುದಲ್ಲದೆ ಅಷ್ಟನ್ನು ಕೈಯಿಂದ ತೆರಬೇಕಾಗುವುದು. ಕೇರಳದ ತುಂಬಾ ಪಶ್ಚಿಮ ತೀರದಲ್ಲಿದ್ದೂ 1963ರ ನವೆಂಬರ್ 21ರಂದು ದೇಶದ ಮೊದಲ ರಾಕೆಟ್ ಉಡ್ಡಯನವನ್ನು ಕಂಡಿತಲ್ಲ ಎನ್ನಬಹುದು. ಅಲ್ಲಿಂದ ಹೋದದ್ದು ಮೇಲಿನ ವಾತಾವರಣವನ್ನು ಪರೀಕ್ಷಿಸಿ ಮರಳಿ ಬೀಳುವ ಸಣ್ಣ ರಾಕೆಟ್ಟು. ಅದಕ್ಕೆ ಕಕ್ಷೆಯ ಹಂಗಿರಲಿಲ್ಲ. ಭೂಮಿಯ ಕಾಂತೀಯ ವಿಷುವದ್ರೇಖೆ ಹತ್ತಿರದಲ್ಲಿ ಹಾದುಹೋಗುವುದೆಂಬ ಕಾರಣಕ್ಕೆ ಆ ಸ್ಥಳವನ್ನು ಆರಿಸಲಾಗಿತ್ತು.

ಈಗ ಕವಣೆಗೆ ಮರಳೋಣ. ಸ್ಪಿನ್‌ಲಾಂಚ್ ಸಂಸ್ಥೆಯು ಮುಂದೆ ಕಟ್ಟಬೇಕೆಂದಿದ್ದ ದೊಡ್ಡ ಯಂತ್ರದ ವ್ಯಾಸ ಸುಮಾರು 100 ಮೀಟರ್, ಎಸೆತದ ವೇಗ ಗಂಟೆಗೆ ಸುಮಾರು 8,000 ಕಿಲೋಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ತಿರುಗುವ ವಸ್ತುವಿನ ಮೇಲಿನ ಒತ್ತಡ ಗೊತ್ತಾಗುತ್ತದೆ. ಅದು ಗುರುತ್ವಾಕರ್ಷಣೆಯ ಹತ್ತು ಸಾವಿರ ಪಟ್ಟು. ಒಂದು ಕಿಲೋಗ್ರಾಮಿನ ಉಪಕರಣವು ಆಗ ಹತ್ತು ಟನ್ನಿನಷ್ಟು ಭಾರವಾಗಿ ತನ್ನ ಆಧಾರವನ್ನು ಒತ್ತುತ್ತದೆ. ಮನುಷ್ಯನನ್ನು ಕೂರಿಸುವ ಮಾತು ಅಲ್ಲಿಗೇ ಮುಗಿಯಿತು. ಹಾಗೆಂದು ಯಾವ ಯಂತ್ರವೂ ತಾಳಲಾರದೆನ್ನುವುದು ಮಾತ್ರ ಆತುರದ ಮಾತು: ಎರಡನೆಯ ಮಹಾಯುದ್ಧದ ಕಾಲದಲ್ಲೇ ಫಿರಂಗಿಯ ಗುಂಡಿನೊಳಗೆ ಇಟ್ಟ ಗಾಜಿನ ರೇಡಿಯೋ ಕವಾಟಗಳು ಇಂಥ ಒತ್ತಡವನ್ನು ಸಹಿಸಿ ಕೆಲಸ ಮಾಡಿದ್ದವು. ನಿಜವಾದ ಕೊರತೆ ಬೇರೆ ಕಡೆ ಇದೆ. 8,000 ಎಲ್ಲಿ, 28,000 ಎಲ್ಲಿ? ಉಳಿದ ವೇಗವನ್ನು ಕೊಡಲು ಎಸೆದ ವಸ್ತುವಿನೊಳಗೇ ಒಂದು ರಾಕೆಟ್ಟಿರಬೇಕು, ಅದೂ ಹತ್ತು ಸಾವಿರ ಪಟ್ಟು ಒತ್ತಡವನ್ನು ತಾಳಿ ಬಂದುದಾಗಿರಬೇಕು. ಕವಣೆಯು ರಾಕೆಟ್ಟಿನ ಮೊದಲ ಮೆಟ್ಟಿಲಿಗೆ ಬದಲಿಯಾಗಬಹುದೇ ಹೊರತು ರಾಕೆಟ್ಟಿಗಲ್ಲ.

ಫಿರಂಗಿಯ ಕಥೆಯೂ ಇದೇ. ಜೂಲ್ಸ್ ವರ್ನ್ 1865ರ ತನ್ನ ಕಾದಂಬರಿಯಲ್ಲಿ ಮೂವರನ್ನು ತೋಪಿನಿಂದ ಚಂದ್ರನತ್ತ ಹಾರಿಸಿದ. ಒಂದು ಶತಮಾನದ ಬಳಿಕ ಕೆನಡಾದ ಜೆರಾಲ್ಡ್ ಬುಲ್ ಎಂಬ ಎಂಜಿನಿಯರು ನೌಕಾಪಡೆಯ ಹಳೆಯ 16 ಅಂಗುಲದ ತೋಪುಗಳನ್ನು ಬೆಸೆದು ಉದ್ದಗೊಳಿಸಿ, 1966ರ ನವೆಂಬರಿನಲ್ಲಿ ಅರಿಜೋನಾದ ಯೂಮಾದಿಂದ ಗುಂಡೊಂದನ್ನು 180 ಕಿಲೋಮೀಟರ್ ಎತ್ತರಕ್ಕೆ ಕಳುಹಿಸಿದ. ಅದು ನಿಸ್ಸಂದೇಹವಾಗಿ ಬಾಹ್ಯಾಕಾಶ. ಗುಂಡು ಮಾತ್ರ ಮರಳಿ ಭೂಮಿಗೇ ಬಿತ್ತು. ನೆಲದಿಂದ ಒಮ್ಮೆ ಎಸೆದ ಯಾವ ವಸ್ತುವಿನ ಕಕ್ಷೆಯೂ ಸುತ್ತಿ ಬಂದು ಎಸೆದ ಜಾಗವನ್ನೇ ಹಾಯಬೇಕಾಗುತ್ತದೆ. ಮೇಲೇರಿದ ಮೇಲೆ ಇನ್ನೊಂದು ನೂಕು ಸಿಕ್ಕದ ಹೊರತು ಅದು ಉಪಗ್ರಹವಾಗದು. ಆ ನೂಕನ್ನು ಕೊಡಬಲ್ಲದ್ದು ಮತ್ತೆ ರಾಕೆಟ್ಟೇ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಹಗ್ಗ ಇಳಿಬಿಟ್ಟು ಅದರ ಮೇಲೆ ಹತ್ತಿಹೋಗುವ ಕಲ್ಪನೆಗೆ ಭೌತಶಾಸ್ತ್ರದ ಅಡ್ಡಿಯಿಲ್ಲವಾದರೂ ತನ್ನ ಭಾರವನ್ನು ತಾನೇ ತಾಳುವ ಅಷ್ಟುದ್ದದ ಹಗ್ಗವನ್ನು ಹೊಸೆದವರಿಲ್ಲ.

ರಾಕೆಟ್ಟಿರುವಾಗ ಈ ಸಾಹಸಗಳೇಕೆ? ಭಾರತದ ಪಿ.ಎಸ್.ಎಲ್.ವಿ.ಯನ್ನೇ ನೋಡಬಹುದು. ಹೊರಡುವಾಗ ಅದರ ತೂಕ ಸುಮಾರು 320 ಟನ್. ಧ್ರುವಗಳ ಮೇಲೆ ಹಾಯುವ 600 ಕಿಲೋಮೀಟರ್ ಎತ್ತರದ ಕಕ್ಷೆಗೆ ಅದು ಒಯ್ಯುವುದು ಒಂದು ಮುಕ್ಕಾಲು ಟನ್. ಸಂತೆಗೆ ಹೊರಟ ಗಾಡಿಯು ತನ್ನ ಎತ್ತುಗಳ ಮೇವನ್ನೇ ಗಾಡಿಯ ತುಂಬ ಹೇರಿಕೊಂಡು, ಮೂಲೆಯಲ್ಲೊಂದು ಬುಟ್ಟಿ ಸರಕು ಇಟ್ಟಂತೆ. ಮಾರಿ ಬಂದ ಮೇಲೆ ಗಾಡಿಯೂ ಇಲ್ಲ, ಎತ್ತೂ ಇಲ್ಲ. ಈ ದುಂದನ್ನು ಕಂಡು ಬೇರೆ ದಾರಿ ಹುಡುಕುವವರನ್ನು ಹುಚ್ಚರೆನ್ನಲಾಗದು.

ಅಷ್ಟೇಕೆ, ಒಂದು ಕಾಲಕ್ಕೆ ರಾಕೆಟ್ಟೇ ವಿಚಿತ್ರ ವಸ್ತುವಾಗಿತ್ತು. ಹೊನ್ನಾವರ, ಭಟ್ಕಳಗಳ ಸೀಮೆಯನ್ನು ಆಳಿದ ನಾಯಕರ ರಾಜಧಾನಿ ಬಿದನೂರು ಘಟ್ಟದ ಮೇಲಿದೆ. 1763ರಲ್ಲಿ ಹೈದರಾಲಿಯ ವಶವಾದ ಬಳಿಕ ನಗರ ಎನಿಸಿಕೊಂಡ ಊರು ಅದು. ಅಲ್ಲಿನ ಹಾಳುಬಾವಿಯೊಂದರಿಂದ 2018ರಲ್ಲಿ ಪುರಾತತ್ತ್ವ ಇಲಾಖೆಯವರು ತುಕ್ಕು ಹಿಡಿದ ಸಾವಿರಕ್ಕೂ ಮಿಕ್ಕ ಕಬ್ಬಿಣದ ರಾಕೆಟ್ಟುಗಳನ್ನು ಹೊರತೆಗೆದರು. ಕಾಗದ, ಬಿದಿರುಗಳ ಬಾಣಬಿರುಸುಗಳಿಗೆ ಬದಲಾಗಿ ಕಬ್ಬಿಣದ ಕೊಳವೆಯನ್ನು ಬಳಸಿದುದರಿಂದ ಒಳಗಿನ ಅನಿಲದ ಒತ್ತಡ ಹೆಚ್ಚಿ ಮೈಸೂರಿನ ರಾಕೆಟ್ಟು ಬಹುದೂರ ಸಾಗಿತು. ಅದನ್ನು ಎದುರಿಸಿ ಪೆಟ್ಟು ತಿಂದ ಆಂಗ್ಲರು ಹಗುರಾಗಿ ಕಾಣಲಿಲ್ಲ. ಮಾದರಿಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳನ್ನು ನೋಡಿ ತನ್ನ ರಾಕೆಟ್ಟುಗಳನ್ನು ರೂಪಿಸಿದ.

ಅಮೆರಿಕದ ರಾಬರ್ಟ್ ಗೊಡಾರ್ಡನಿಗೆ ಮಾತ್ರ ಈ ಭಾಗ್ಯವಿರಲಿಲ್ಲ. ರಾಕೆಟ್ಟು ಚಂದ್ರನವರೆಗೆ ಹೋಗಬಲ್ಲದೆಂದು ಆತ ಸೂಚಿಸಿದಾಗ, 1920ರ ಜನವರಿ 13ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ತನ್ನ ಸಂಪಾದಕೀಯ ಪುಟದಲ್ಲಿ ಆತನನ್ನು ಹೀಯಾಳಿಸಿತು: ನಿರ್ವಾತದಲ್ಲಿ ಒದೆಯಲು ಏನೂ ಇಲ್ಲದಿರುವಾಗ ರಾಕೆಟ್ಟು ಮುಂದೆ ಹೋಗುವುದು ಹೇಗೆ ಎಂಬುದು ಅದರ ವಾದ. ರಾಕೆಟ್ಟು ಒದೆಯುವುದು ಗಾಳಿಯನ್ನಲ್ಲ, ತಾನೇ ಹೊರಚೆಲ್ಲುವ ಅನಿಲವನ್ನು. ಇದು ನ್ಯೂಟನ್ನನ ಮೂರನೆಯ ನಿಯಮ. ಗೊಡಾರ್ಡ್ 1926ರ ಮಾರ್ಚ್ 16ರಂದು ದ್ರವ ಇಂಧನದ ಮೊದಲ ರಾಕೆಟ್ಟನ್ನು ಹಾರಿಸಿದ. ಎರಡೂವರೆ ಸೆಕೆಂಡು ಹಾರಿದ ಅದು ಏರಿದ್ದು ತೆಂಗಿನ ಮರದಷ್ಟು ಎತ್ತರ. ಪತ್ರಿಕೆಯು ತನ್ನ ತಪ್ಪನ್ನು ಒಪ್ಪಿ ತಿದ್ದುಪಡಿಯನ್ನು ಅಚ್ಚುಮಾಡಿದ್ದು 1969ರ ಜುಲೈ 17ರಂದು, ಅಪೊಲೊ-11 ಚಂದ್ರನ ಹಾದಿಯಲ್ಲಿದ್ದಾಗ. ಅಷ್ಟರಲ್ಲಿ ಗೊಡಾರ್ಡ್ ತೀರಿಕೊಂಡು 24 ವರ್ಷಗಳಾಗಿದ್ದವು.

ಈ ಕಥೆಯನ್ನು ಹೇಳಿ, ಸಂದೇಹ ಪಟ್ಟವರೆಲ್ಲ ಹೀಗೆಯೇ ನಗೆಪಾಟಲಾಗುತ್ತಾರೆ ಎನ್ನುವವರಿದ್ದಾರೆ. ಅದು ಅರ್ಧಸತ್ಯ. ಕರ್ನಾಟಕದಲ್ಲೇ ನಡೆದ ಇನ್ನೊಂದು ಪ್ರಸಂಗವನ್ನು ಅದರ ಪಕ್ಕದಲ್ಲಿಡಬೇಕು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಸಿದ ವೈಮಾನಿಕ ಶಾಸ್ತ್ರವೆಂಬ ಸಂಸ್ಕೃತ ಗ್ರಂಥವು 1973ರಲ್ಲಿ ಮೈಸೂರಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾಯಿತು. ಭರದ್ವಾಜ ಮಹರ್ಷಿಯ ಹೆಸರಿನಲ್ಲಿದ್ದ ಅದರಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ವಿವರಣೆಯೂ ಚಿತ್ರಗಳೂ ಇದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಐವರು ವಿದ್ವಾಂಸರು—ಮುಕುಂದ, ದೇಶಪಾಂಡೆ, ನಾಗೇಂದ್ರ, ಪ್ರಭು, ಗೋವಿಂದರಾಜು—ಗ್ರಂಥವನ್ನು ನೋಡದೆಯೇ ನಗಲಿಲ್ಲ, ಹೆಸರಿಗೆ ಅಂಜಿ ತಲೆಬಾಗಲೂ ಇಲ್ಲ. ಭಾಷೆಯನ್ನು ಪರಿಶೀಲಿಸಿದರು, ಚಿತ್ರಗಳ ಅಳತೆಗಳನ್ನು ತೆಗೆದುಕೊಂಡು ಚಲನೆಯ ನಿಯಮಗಳಿಗೆ ಹಿಡಿದು ನೋಡಿದರು. ಗ್ರಂಥವು ಇಪ್ಪತ್ತನೆಯ ಶತಮಾನದ್ದೆಂದೂ ವರ್ಣಿತವಾದ ವಿಮಾನಗಳಲ್ಲಿ ಯಾವುದೂ ಹಾರಲಾರದೆಂದೂ 1974ರಲ್ಲಿ ಬರೆದರು. ಅವರ ಲೇಖನದ ಬೆಲೆ ಅದರ ತೀರ್ಪಿಗಿಂತ ಮಿಗಿಲಾಗಿ ಅದರ ರೀತಿಯಲ್ಲಿದೆ. ಶಾಲೆಗಳಲ್ಲಿ ಪಾಠವಾಗಿ ಓದಿಸಲು ತಕ್ಕದ್ದು. ಆದರೂ 2015ರ ಜನವರಿಯಲ್ಲಿ ಮುಂಬಯಿಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಅದೇ ಗ್ರಂಥವನ್ನು ಆಧಾರವಾಗಿಟ್ಟುಕೊಂಡ ಪ್ರಬಂಧ ಓದಲ್ಪಟ್ಟಿತು. ಲೆಕ್ಕವನ್ನು ಒಮ್ಮೆ ಮಾಡಿಟ್ಟರೆ ಸಾಲದು, ಪ್ರತಿ ತಲೆಮಾರೂ ಮತ್ತೆ ಮಾಡಬೇಕೆಂದು ತೋರುತ್ತದೆ.

ಭಾರತದ ಬಾಹ್ಯಾಕಾಶ ಸಂಸ್ಥೆಯೂ ಸಂದೇಹದ ಬಿಸಿಯನ್ನು ಉಂಡಿದೆ. ಉಡುಪಿಯ ಬಳಿಯ ಅದಮಾರಿನವರಾದ ಡಾ. ಯು. ಆರ್. ರಾವ್ ಅವರು ಅಧ್ಯಕ್ಷರಾಗಿದ್ದ ಕಾಲದಲ್ಲಿ ಎ.ಎಸ್.ಎಲ್.ವಿ. ರಾಕೆಟ್ಟು 1987ರ ಮಾರ್ಚಿನಲ್ಲೊಮ್ಮೆ, 1988ರ ಜುಲೈನಲ್ಲಿ ಮತ್ತೊಮ್ಮೆ ಬಂಗಾಳ ಕೊಲ್ಲಿಯ ಪಾಲಾಯಿತು. ಬಡದೇಶಕ್ಕೆ ಈ ಆಟ ಬೇಕೇ ಎಂಬ ಮಾತು ಆಗ ಗಟ್ಟಿಯಾಗಿಯೇ ಕೇಳಿಬಂತು. ಕಾರಣಗಳನ್ನು ಹುಡುಕಿ ಸರಿಪಡಿಸಿ 1992ರ ಮೇ 20ರಂದು ಮೂರನೆಯದನ್ನು ಹಾರಿಸಿದಾಗ ಉಪಗ್ರಹವು ಕಕ್ಷೆಗೆ ಸೇರಿತು. ಆ ಆಟದಿಂದ ಬಂದುದೇನೆಂಬುದನ್ನು ತದಡಿ, ಹೊನ್ನಾವರ, ತೆಂಗಿನಗುಂಡಿಗಳ ಬಂದರುಗಳಲ್ಲಿ ಕಾಣಬಹುದು. 1999ರ ಮೇ 26ರಂದು ಪಿ.ಎಸ್.ಎಲ್.ವಿ.ಯ ಮೇಲೇರಿದ ಓಷನ್‌ಸ್ಯಾಟ್ ಮತ್ತು ಅದರ ನಂತರದ ಉಪಗ್ರಹಗಳು ಕಡಲಿನ ಬಣ್ಣವನ್ನೂ ಬಿಸಿಯನ್ನೂ ಅಳೆಯುತ್ತವೆ. ಮೀನು ಎಲ್ಲಿ ಹೆಚ್ಚಾಗಿ ನೆರೆದಿರಬಹುದೆಂಬ ಸೂಚನೆಯು ಆ ಅಳತೆಗಳಿಂದ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದ ಮೂಲಕ ಮೀನುಗಾರರಿಗೆ ಬರುತ್ತದೆ. ಉಪಗ್ರಹವನ್ನು ಮೇಲೇರಿಸುವ ವೆಚ್ಚ ತಗ್ಗಿದರೆ ಅದು ದೋಣಿಯವನಿಗೂ ಸಂಬಂಧಿಸಿದ ವಿಷಯವೇ ಸರಿ.

ಆ ವೆಚ್ಚವನ್ನು ತಗ್ಗಿಸುವ ಭಾರತದ ಹೊಸ ಪ್ರಯತ್ನ ನಡೆದಿರುವುದು ಕರ್ನಾಟಕದ ನೆಲದಲ್ಲಿ. ಹೋದ ರಾಕೆಟ್ಟು ವಿಮಾನದಂತೆ ಮರಳಿ ಬಂದಿಳಿಯಬೇಕೆಂಬುದು ಅದರ ಉದ್ದೇಶ. ರೆಕ್ಕೆಯುಳ್ಳ ಸಣ್ಣ ಮಾದರಿಯೊಂದು 2016ರ ಮೇ 23ರಂದು ಶ್ರೀಹರಿಕೋಟೆಯಿಂದ 65 ಕಿಲೋಮೀಟರ್ ಎತ್ತರಕ್ಕೇರಿ, ಶಬ್ದದ ಐದು ಪಟ್ಟು ವೇಗದಲ್ಲಿ ಇಳಿದು ಕಡಲು ಸೇರಿತು. ಅನಂತರದ ಇಳಿದಾಣದ ಪರೀಕ್ಷೆಗಳು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ನಡೆದವು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಚಾಲಕನಿಲ್ಲದ ವಾಹನವು ತಾನೇ ದಾರಿ ಹಿಡಿದು ಓಡುದಾರಿಯ ಮೇಲೆ ಇಳಿಯಿತು. ಇದು 2023ರ ಏಪ್ರಿಲ್ 2ರ ಮಾತು. 2024ರ ಮಾರ್ಚ್ 22ರಂದು ವಾಹನವನ್ನು ಬೇಕೆಂದೇ 150 ಮೀಟರ್ ಪಕ್ಕಕ್ಕೆ, ಜೂನ್ 23ರಂದು 500 ಮೀಟರ್ ಪಕ್ಕಕ್ಕೆ ಬಿಟ್ಟಾಗಲೂ ಅದು ತನ್ನ ದಾರಿಯನ್ನು ಸರಿಪಡಿಸಿಕೊಂಡಿತು. ಕಡೆಯ ಸಲ ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು.

ಇದರ ಬಗ್ಗೆಯೂ ಸಂದೇಹಕ್ಕೆ ಎಡೆಯಿದೆ, ಅದು ಇರಬೇಕಾದುದೇ. ಅಮೆರಿಕದ ಶಟಲ್ ನೌಕೆಗಳು 1981ರಿಂದ 2011ರವರೆಗೆ 135 ಸಲ ಹಾರಿದರೂ ಪ್ರತಿ ಸಲದ ದುರಸ್ತಿಯ ಖರ್ಚಿನಿಂದಾಗಿ ಅಗ್ಗವಾಗಲಿಲ್ಲ. ಎರಡು ನೌಕೆಗಳೊಡನೆ 14 ಜನರು ಪ್ರಾಣ ತೆತ್ತರು. ಇತ್ತ ರೆಕ್ಕೆಯಿಲ್ಲದೆ ಬಾಲದ ಮೇಲೆ ನಿಂತಿಳಿಯುವ ಫಾಲ್ಕನ್-9 ರಾಕೆಟ್ಟಿನ ಮೊದಲ ಹಂತವು 2015ರ ಡಿಸೆಂಬರ್ 21ರಂದು ನೆಲಕ್ಕೆ ಮರಳಿ, 2017ರ ಮಾರ್ಚಿನಿಂದ ಅಂಥ ಹಂತಗಳು ಮತ್ತೆ ಮತ್ತೆ ಹಾರತೊಡಗಿದವು. ಅಸಾಧ್ಯವೆಂದವರು ಅಲ್ಲಿ ಸೋತರು. ಚಳ್ಳಕೆರೆಯ ವಾಹನವು ಇನ್ನೂ ಅಷ್ಟು ದೂರ ಬಂದಿಲ್ಲ. ಹೆಲಿಕಾಪ್ಟರಿನಿಂದ ಬಿಟ್ಟಾಗ ಇಳಿಯುವುದು ಒಂದು. ಗಂಟೆಗೆ 28,000 ಕಿಲೋಮೀಟರ್ ವೇಗವನ್ನು ಗಾಳಿಯ ಘರ್ಷಣೆಯಲ್ಲಿ ಕಳೆದುಕೊಂಡು, ಕಾದು ಕೆಂಡವಾಗಿ, ಆದರೂ ಸುಡದೆ ಬಂದಿಳಿಯುವುದು ಇನ್ನೊಂದು. ಹಾಗೆ ಬಂದಿಳಿದ ವಾಹನವನ್ನು ಎಷ್ಟು ದಿನಗಳಲ್ಲಿ, ಎಷ್ಟು ಹಣದಲ್ಲಿ ಮತ್ತೆ ಹಾರಲು ಸಿದ್ಧಗೊಳಿಸಬಹುದೆಂಬ ಲೆಕ್ಕವು ಕಕ್ಷೆಯಿಂದ ಒಂದು ವಾಹನ ಮರಳಿದ ಮೇಲಷ್ಟೇ ಸಿಗಬಹುದು.